ಭೇದ ಇಲ್ಲದ ಬೋರ್ಡು

ನಮ್ಮ ಮಲಕವ್ವ ಪಂಚಾಯ್ತಿ ಅಧ್ಯಕ್ಷಿ ಆಗಿ ವರ್ಷ ತುಂಬಿರಲಿಲ್ಲ, ಆಕಿ ಕುರ್ಚಿ ಹೋತು. ಕಸ್ಗೊಂಡಾಂವ ವೈರಿ ಅಲ್ಲ, ತಾಳಿ ಕಟ್ಟಿದ ಗಂಡ ಜಕ್ಕಪ್ಪ. ಅವಗ ದಾರಿ ಮಾಡಿಕೊಟ್ಟಿದ್ದು, ಹೆಣ್ಮಕ್ಕಳ ಮರ್ಯಾದಿ ಉಳಸಾಕ ಅಂತ ನಡೆದ ಒಂದು ತರಬೇತಿ. ನಾನು ತಾರವ್ವ, ಅದೇ ಪಂಚಾಯ್ತಿ ಮೆಂಬರ್. ಕಣ್ಣಾರೆ ಕಂಡೀನಿ, ಅದಕ್ಕ ಹೇಳಾಕತ್ತೀನಿ.

ತೆಲಸಂಗದ ಕಡೆ ನಮ್ಮೂರು. ಎರಡು ಸಾವಿರದ ಹತ್ತರ ಇಲೆಕ್ಷನ್ನಿನ್ಯಾಗ ಅಧ್ಯಕ್ಷಗಿರಿ ಹೆಣ್ಮಕ್ಕಳಿಗೆ ಬಂತು. ಹೆಂಡ್ತಿ ಆರಿಸಿ ಬಂದ್ರ ಕುರ್ಚಿಮ್ಯಾಲೆ ಗಂಡ ಕುಂದರೂದು ನಮ್ಮ ಕಡೆ ರೂಢಿ. ಜಕ್ಕಪ್ಪನೂ ಹಂಗೇ ಹೋಗಿ ಕುಂತ. ಆದ್ರ ಖೋಲಿ ಬಾಗಲದ ಮ್ಯಾಲೆ ಪೇಂಟರ್ ಹಾಲಸಿದ್ದ ಅನ್ನಾಂವ ದಪ್ಪ ಅಕ್ಷರದಾಗ ‘ಅಧ್ಯಕ್ಷೆ’ ಅಂತ ಬರದಿದ್ದ. ಊರ ಕಾಕಾಸಾಹೇಬ ದಿನಾ ಕಟ್ಟಿಮ್ಯಾಲೆ ಕುಂತು, “ಏನ್ರಿ ಬಾಯಿಸಾಬ್ರ, ಇವತ್ತ ಸೀರಿ ಉಟ್ಟಿಲ್ಲೇನು?” ಅಂತ ಕೇಳಾಂವ, ಮಂದಿ ಬಿದ್ದು ಬಿದ್ದು ನಗೂದು. ಜಕ್ಕಪ್ಪಗ ತಡ್ಕೊಳ್ಳಾಕ ಆಗಲಿಲ್ಲ. ಕುರ್ಚಿ ಬಿಟ್ಟು ಚಾದಂಗಡಿ ಹಿಡದ.

ಖಾಲಿ ಕುರ್ಚಿಗೆ ಮಲಕವ್ವ ಬಂದ್ಲು. ಮೊದಲು ತುದಿಮ್ಯಾಲೆ ಕುಂದರತಿದ್ದಾಕಿ ಬರ್ತಾ ಬರ್ತಾ ಬೆನ್ನು ಹಚ್ಚಿ ಕುಂತ್ಲು. ನೀರು ಬಿಡಾಂವನ್ನ ಕರದು ದಬಾಯಿಸಿದ್ಲು, ಕೆಳಗಿನ ಓಣಿ ನಳಕ್ಕೂ ನೀರು ಬಂತು. “ಯಕ್ಕಾ, ಇಲ್ಲಿ ನಾ ಮಾತಾಡಿದ್ರ ಮಂದಿ ಮುಗಿಯೂತನಕ ಕೇಳ್ತಾರ” ಅಂದ್ಲು ಒಂದಿನ. ನನಗ ಕಣ್ಣಾಗ ನೀರು ಬಂತು, ಸುಳ್ಳ್ಯಾಕ ಹೇಳ್ಲಿ.

ಆಮ್ಯಾಲೆ ಅಥಣ್ಯಾಗ ತರಬೇತಿ. ಸುತ್ತಲಿನ ಪಂಚಾಯ್ತಿ ಮಂದಿಯೆಲ್ಲಾ ಸೇರಿದ್ದಿವಿ. ಧಾರವಾಡದಿಂದ ಬಂದ ಮೇಡಂ ಛಲೋ ಮಾತೇ ಹೇಳಿದ್ರು, ಅವರನ್ನ ಬೈಯೂದಿಲ್ಲ. ಸರಕಾರಿ ಬರವಣಿಗ್ಯಾಗ ಹೆಣ್ಣು, ಗಂಡು ಅಂತ ಬ್ಯಾರೆ ಮಾಡಬ್ಯಾಡ್ರಿ, ಹುದ್ದೆ ಎಲ್ಲಾರಿಗೂ ಒಂದೇ, ‘ಅಧ್ಯಕ್ಷರು’ ಅಂತ ಬರೀರಿ, ಹೆಣ್ಣಾಳು ಗಂಡಾಳು ಅನ್ನೂದು ಬಿಟ್ಟು ಕೂಲಿಕಾರರು ಅನ್ರಿ ಅಂದ್ರು. ಹೆಂಡ್ತೀನ ಕರಕೊಂಡು ಬಂದು ಬಾಗಲದಾಗ ನಿಂತಿದ್ದ ಜಕ್ಕಪ್ಪ ಎಲ್ಲಾರಕಿಂತ ಜೋರು ಚಪ್ಪಾಳಿ ಹೊಡದ.

ಆ ಮನಶ್ಯಾ ಅವತ್ತ ಸಂಜೀಕೇ ಪೇಂಟರ್ ಹಾಲಸಿದ್ದನ್ನ ಹಿಡಕೊಂಡು ಬಂದು ಬೋರ್ಡಿನ್ಯಾಗ ‘ಅಧ್ಯಕ್ಷರು’ ಅಂತ ಬದಲಿ ಮಾಡಿಸಿದ. ಮರುದಿನ ಮುಂಜಾನೆ ಕುರ್ಚಿಮ್ಯಾಲೆ ಹಾಜರ್.

“ಇದೇನಪಾ ತಮ್ಮಾ?” ಅಂದೆ.

“ತಾರಕ್ಕ, ಈಗ ಬೋರ್ಡಿನ್ಯಾಗ ಹೆಣ್ಣು ಗಂಡು ಭೇದ ಇಲ್ಲ. ಮೇಡಂ ಹೇಳಿದ್ದು ನೀನೂ ಕೇಳಿದಿ” ಅಂದ.

ಕಾಕಾಸಾಹೇಬಗ ಚ್ಯಾಷ್ಟಿ ಮಾಡಾಕ ಏನೂ ಉಳೀಲಿಲ್ಲ. ಪಿಡಿಓ ಶಾಂತಿನಾಥ ಸಾಹೇಬ್ರಂತೂ ಜಕ್ಕಪ್ಪಗ ಚಾ ತರಿಸಿಕೊಟ್ರು. ಕೆಳಗಿನ ಓಣಿ ನಳ ಮತ್ತ ನಿಂತ್ವು.

ನನ್ನ ಪಿತ್ತ ನೆತ್ತಿಗೇರಿತ್ತು. ಮಲಕವ್ವನ ಮನಿಗೆ ಹೋದ್ರ ಆಕಿ ಎಮ್ಮಿ ಸಗಣಿ ಬಳ್ಯಾಕತ್ತಿದ್ಲು. “ಕುರ್ಚಿ ನಿಂದು. ನಂದು ನನಗ ಕೊಡು ಅಂತ ಕೇಳಾಕ ನಿನಗೇನ್ ಧಾಡಿ ಬೇ?” ಅಂತ ಬೈದೆ. ಆಕಿ ಕೈ ತೊಳ್ಕೋತ, “ಮನ್ಯಾಗ ಕೇಳಿದ್ರ ಮನ್ಯಾಗೇ ಮುಚ್ಚಿಹಾಕ್ತಾರ ಯಕ್ಕಾ. ಎಲ್ಲಾರ ಮುಂದ ಕೇಳಬೇಕು” ಅಂದ್ಲು.

ಕೆಲವು ತಿಂಗಳು ಕಳದ ಮ್ಯಾಲೆ ಮೇಡಂ ನಮ್ಮೂರ ಗ್ರಾಮಸಭೆಗೇ ಬಂದ್ರು. ಬೋರ್ಡು, ನೋಟೀಸು, ಗ್ವಾಡಿ ಬರಹ ಎಲ್ಲಾ ಮೊದಲು ತಿದ್ದಿದ್ದು ನಮ್ಮ ಪಂಚಾಯ್ತಿ ಅಂತ, ಸನ್ಮಾನ ಮಾಡಾಕ. ಅವರನ್ನ ಬರಮಾಡಿಕೊಳ್ಳಾಕ ಮುತ್ತೈದೇರ ಕೈಯಾಗ ಆರತಿ ತಾಟು ಕೊಟ್ಟು ಬಾಗಲದಾಗ ನಿಂದರಿಸಿದ್ರು. ಅದರಾಗ ಒಬ್ಬಾಕಿ ಮಲಕವ್ವ.

ಮೇಡಂ ವೇದಿಕಿ ಹತ್ತಿದವ್ರೇ ನಡುವಿನ ಕುರ್ಚಿಮ್ಯಾಲೆ ಕುಂತಿದ್ದ ಜಕ್ಕಪ್ಪಗ ಶಾಲು ಹೊದಿಸಿದ್ರು. “ಗಂಡಸಾಗಿದ್ದೂ ಇಷ್ಟು ಕಾಳಜಿ ಮಾಡಿದ ಅಧ್ಯಕ್ಷರನ್ನ ನಾನು ಇದೇ ಮೊದಲು ನೋಡ್ತಿರೋದು. ನಿಮ್ಮೂರಲ್ಲಿ ಒಬ್ಬ ಹೆಣ್ಣುಮಗಳೂ ಅಧ್ಯಕ್ಷರಾಗೋ ದಿನ ಬರಲಿ” ಅಂದ್ರು. ಶಾಂತಿನಾಥ ಸಾಹೇಬ್ರು ತಿರಗೂ ಫ್ಯಾನ್ ನೋಡಾಕತ್ರು.

ಮಲಕವ್ವ ತಾಟು ಹಿಡಕೊಂಡೇ ವೇದಿಕಿ ಹತ್ತಿದ್ಲು. ತನಗ ಬೆಳಗಾಕ ಬಂದ್ಲು ಅಂತ ಜಕ್ಕಪ್ಪ ಎದ್ದು ನಿಂತು ಶಾಲು ಸರಿಮಾಡಿಕೊಂಡ. ಆಕಿ ತಾಟು ಅವನ ಕೈಯಾಗ ಕೊಟ್ಟು, ಆ ಕುರ್ಚಿಮ್ಯಾಲೆ ಕುಂತ್ಲು.

“ಆ ದಿನ ಬಂದು ಭಾಳ ದಿವಸ ಆತ್ರಿ ಮೇಡಂ. ಆರಿಸಿ ಬಂದ ಅಧ್ಯಕ್ಷರು ನಾನೇ. ನೀವು ಬೋರ್ಡ್ ನೋಡಿದ್ರಿ, ಕುಂತಾಂವ ಯಾರಂತ ಕೇಳಲಿಲ್ಲ” ಅಂದ್ಲು. ಆಕಿ ದನಿ ಕಡೀ ಸಾಲಿನ ತನಕ ಕೇಳಿಸ್ತು.

ಮೇಡಂ ಮಾರಿ ಸಣ್ಣದಾತು. ಜಕ್ಕಪ್ಪನ ಪಾಡು ಕೇಳಬ್ಯಾಡ್ರಿ. ಹಚ್ಚಿದ ಆರತಿ ತಾನಾಗೇ ಶಾಂತ ಆಗೂತನಕ ನಮ್ಮೂರಾಗ ತಾಟು ಕೆಳಗ ಇಡೂದಿಲ್ಲ, ಊದಿ ಆರಸೂದೂ ಇಲ್ಲ. ಹೆಗಲಮ್ಯಾಲೆ ಶಾಲು, ಕೈಯಾಗ ಬೆಂಕಿ. ಹೆಂಡ್ತಿ ಬಾಜು ನಿಂತಾಂವ, ವೇದಿಕಿಮ್ಯಾಲೆ ಮೆಂಬರ್ ಸಾಲಿನ್ಯಾಗ ಕುಂತಿದ್ದ ನನ್ನ ಕಡೆ ಮೆಲ್ಲಕ ಬಗ್ಗಿ, “ತಾರಕ್ಕ, ಇದನ್ನಷ್ಟು ಹಿಡಿಯವ್ವಾ” ಅಂದ.

“ನೀನೇ ಹಿಡ್ಕೊಂಡು ನಿಂದರಪಾ ತಮ್ಮಾ” ಅಂದೆ, “ಎಣ್ಣಿ ಇನ್ನೂ ಭಾಳ ಐತಿ.”