ಎಂಟನೆಯ ಬೋರ್ಡು

ಎಂಟನೆಯ ಬೋರ್ಡು ಮತ್ತೊಮ್ಮೆ ಸತ್ತು ಹುಟ್ಟಿತು. ಕೆಂಪು ದೀಪ ಹಾಕಿದರೆ ನೆಟ್ಟಗೆ ಉರಿಯುತ್ತಿತ್ತು, ನೀಲಿಗೂ ತಕರಾರಿರಲಿಲ್ಲ. ಎಲ್ಲ ಬಣ್ಣ ಸೇರಿ ಬೀದಿ ಬೆಳ್ಳಗಾಗಬೇಕು ಅನ್ನುವಷ್ಟರಲ್ಲಿ ತುದಿಯ ಕಂಬದ ಆ ದೀಪದ ಬೋರ್ಡು ಕಣ್ಣು ಮುಚ್ಚುತ್ತಿತ್ತು; ಒಂದು ಗಳಿಗೆ ಬಿಟ್ಟು, ಏನೂ ಆಗಿಲ್ಲವೆಂಬಂತೆ, ತನ್ನ ಆಟವನ್ನು ಮೊದಲಿನಿಂದ ಶುರುಮಾಡುತ್ತಿತ್ತು. ಅದನ್ನು ನೋಡಿ ಏಳನೆಯದೂ ಅದೇ ಚಾಳಿ ಕಲಿತಿತ್ತು.

ಶುಕ್ರವಾರ ಸಂಜೆ ಹೀಗಾದಾಗ ಬೀದಿಗೆ ಬೀದಿಯೇ ನಕ್ಕಿತ್ತು. ರಜೆಯ ವಾರಕ್ಕೆ ಬೀದಿಯನ್ನು ಬೆಳಗುವ ಕೆಲಸ ಹನ್ನೆರಡು ವರ್ಷದಿಂದ ಹೊಗೆಸೊಸೆಯ ಭಾವನದು. ದೀಪ ಕುಣಿಸುವ ಅವನ ಅಂಗಡಿಯ ಸಿದ್ಧ ಪೆಟ್ಟಿಗೆಗಳು ವರ್ಷವೂ ಅದೇ ಮೂರು ಆಟ ಆಡುತ್ತಿದ್ದವು, ಕೆಟ್ಟರೆ ಗುಜರಿಗೆ ಹೋಗುತ್ತಿದ್ದವು. ಈ ಸಲ ಊರಸಭೆಯಲ್ಲಿ ಅವನ ತಮ್ಮನ ಹೆಂಡತಿ ಎದ್ದು ನಿಂತು, ‘ಬೋರ್ಡು ನಾನೇ ಮಾಡ್ತೀನಿ’ ಅಂದಳು. ಬೆಸುಗೆಯ ಹೊಗೆ ಸದಾ ಸೆರಗಿಗೆ ಅಂಟಿಕೊಂಡಿರುತ್ತಿದ್ದುದರಿಂದ ಊರು ಅವಳನ್ನು ಹೊಗೆಸೊಸೆ ಎಂದೇ ಕರೆಯುತ್ತಿತ್ತು. ಪಂಪು, ರೇಡಿಯೊ, ಮಿಕ್ಸಿ, ಯಾವುದನ್ನೂ ಅವಳು ಸತ್ತಿತು ಎಂದು ಒಪ್ಪಿದವಳಲ್ಲ. ಊರ ಹಿರಿಯ ಎರಡು ದಿನ ಯೋಚಿಸಿ ತೀರ್ಮಾನ ಹೇಳಿದ್ದ: ‘ಶನಿವಾರ ಸಂಜೆ ಒಂದು ಗಂಟೆ ಕೆಡದೆ ಉರಿದ್ರೆ ನಿನ್ನವೇ ಇರಲಿ. ಕೆಟ್ರೆ ಇಳಿಸಿ ನಿಮ್ಮ ಭಾವನಿಗೆ ಬಿಡು. ಆಮೇಲೆ ಯಾವ ವರ್ಷವೂ ಕೇಳಬೇಡ.’

ಶನಿವಾರ ಬೆಳಿಗ್ಗೆ ಅವಳು ಎಂಟನೆಯ ಬೋರ್ಡನ್ನು ಇಳಿಸಿ ಕೊಟ್ಟಿಗೆಯ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಅದರ ಚಿಪ್ ಬದಲಿಸಿದಳು. ದೊಡ್ಡ ಕೆಪಾಸಿಟರ್ ಕೂರಿಸಿದಳು. ಪ್ರತಿಯೊಂದು ಬೆಸುಗೆಯನ್ನೂ ಮತ್ತೆ ಕಾಯಿಸಿದಳು. ಕೊನೆಗೆ ಏನೋ ಹೊಳೆದು, ಮೊದಲ ಕಂಬದ ಬೋರ್ಡನ್ನು ತುದಿಗೂ ತುದಿಯದನ್ನು ಮೊದಲ ಕಂಬಕ್ಕೂ ಕಟ್ಟಿ ಬಂದಳು. ಸ್ವಿಚ್ಚು ಹಾಕಿದರೆ, ನಿನ್ನೆಯವರೆಗೆ ಸಾಯುತ್ತಿದ್ದದ್ದು ಮೊದಲ ಕಂಬದಲ್ಲಿ ಗಟ್ಟಿಮುಟ್ಟಾಗಿ ಉರಿಯಿತು. ನಿನ್ನೆಯವರೆಗೆ ಚೆನ್ನಾಗಿದ್ದದ್ದು ತುದಿಗೆ ಹೋಗಿ ಸತ್ತಿತು.

‘ಅಂದ್ರೆ ತಪ್ಪು ನಿಂದಲ್ಲ,’ ಎಂದಳು ಬೋರ್ಡಿಗೆ. ‘ನೀನು ಕೂತ ಜಾಗದ್ದು.’

ಅಷ್ಟು ಗೊತ್ತಾದದ್ದೇ ಅರ್ಧ ಹೊಟ್ಟೆ ತುಂಬಿದಂತಾಯಿತು. ಆದರೆ ಜಾಗದ ತಪ್ಪೇನು? ಪವರ್ ಸಪ್ಲೈ ಬೀದಿಯ ಈ ತುದಿಯಲ್ಲಿ ಸರಿಯಾಗಿ ಹನ್ನೆರಡು ವೋಲ್ಟು ಕೊಡುತ್ತಿತ್ತು. ಬಿಳಿ ಹಾಕಿದಾಗ ಆ ತುದಿಗೆ ಮುಟ್ಟುತ್ತಿದ್ದದ್ದು ಆರೂವರೆ. ಚಿಪ್ ಬದುಕಲು ಏಳಾದರೂ ಬೇಕು. ನಡುವೆ ಐದೂವರೆಯನ್ನು ಯಾರೋ ನುಂಗುತ್ತಿದ್ದರು. ಅವಳು ಎಳೆದದ್ದೋ ಹೆಬ್ಬೆರಳು ದಪ್ಪದ ತಂತಿ.

ಮಧ್ಯಾಹ್ನ ಭಾವ ಬಂದ. ಹೊಸಿಲ ಮೇಲೆ ಕೂತು ಚಪ್ಪಲಿಯ ಮಣ್ಣು ಕೆರೆಯುತ್ತಾ ಮೆಲ್ಲಗೆ ಮಾತು ತೆಗೆದ.

‘ನೋಡಮ್ಮಾ, ಮನೆ ಮಾನದ ಪ್ರಶ್ನೆ. ನನ್ನ ಎರಡು ಪೆಟ್ಟಿಗೆ ಕೊಡ್ತೀನಿ. ನಿನ್ನ ಡಬ್ಬಿಯೊಳಗೇ ಇಟ್ಟು ಮುಚ್ಚಳ ಹಾಕು. ಹೊರಗೆ ಯಾರಿಗೆ ಗೊತ್ತಾಗುತ್ತೆ?’

‘ನಂಗೆ ಗೊತ್ತಾಗುತ್ತಲ್ಲ ಭಾವ.’

‘ಹಟ ಹೊಟ್ಟೆ ತುಂಬಿಸಲ್ಲ.’

‘ಹೊಟ್ಟೆ ತುಂಬಿದೆ ಬಿಡಿ. ಉರಿದ್ರೆ ನಂದೇ ಉರೀಲಿ, ಆರಿದ್ರೆ ನಂದೇ ಆರಲಿ. ನಿಮ್ಮ ಬೆಂಕಿಗೆ ನನ್ನ ಒಲೆ ಯಾಕೆ?’

ಅವನು ಎದ್ದು ಅಡುಗೆಮನೆಯ ಕಡೆ ತಿರುಗಿ, ‘ಅಮ್ಮಾ, ನೀನಾದ್ರೂ ಬುದ್ಧಿ ಹೇಳು,’ ಅಂದ.

‘ನಿಂಗೆ ಮೂವತ್ತು ವರ್ಷ ಹೇಳಿದೆ,’ ಅಂತ ಒಳಗಿನಿಂದ ದನಿ ಬಂತು. ‘ಅಲ್ಲಿಗೇ ಖರ್ಚಾಗಿ ಹೋಯ್ತು.’

ಅವನು ಹೋದ ಮೇಲೆ ಅತ್ತೆ ಹೊರಗೆ ಬಂದು ಸೊಸೆಯ ಪಕ್ಕ ಕೂತಳು. ನಲವತ್ತು ವರ್ಷ ಗದ್ದೆಗೆ ನೀರು ಹಾಯಿಸಿದ ಹೆಂಗಸು. ಯಾವ ಬದುವಿನಲ್ಲಿ ಏಡಿ ತೂತು ಕೊರೆದಿದೆ ಎಂದು ಮನೆಯಲ್ಲೇ ಕೂತು ಹೇಳಬಲ್ಲವಳು. ಹೊಗೆಸೊಸೆ ಕರೆಂಟನ್ನು ಪುಸ್ತಕದಲ್ಲಿ ಓದಿದ್ದಳು, ಆದರೆ ತಿಳಿದುಕೊಂಡದ್ದು ಈ ಅತ್ತೆಯ ಹಿಂದೆ ಗುದ್ದಲಿ ಹಿಡಿದು ಓಡಾಡುತ್ತಾ. ಕರೆಂಟೆಂದರೆ ನೀರು, ತಂತಿಯೆಂದರೆ ಕಾಲುವೆ. ಕಾಲುವೆ ಅಗಲವಿದ್ದರೆ ತುದಿಯ ಗದ್ದೆಗೂ ನೀರು.

‘ಇದೇನು, ಎರಡು ತಂತಿ?’ ಅತ್ತೆ ಕೇಳಿದಳು. ‘ಒಂದು ಹೆಬ್ಬೆರಳು, ಒಂದು ಕಿರುಬೆರಳು.’

‘ದಪ್ಪದ್ದು ಹೋಗೋಕೆ. ಸಣ್ಣದು ವಾಪಸ್ ಬರೋಕೆ.’

‘ವಾಪಸ್ ಬರುತ್ತಾ?’ ಅತ್ತೆಗೆ ನಗು ಬಂತು. ‘ಒಳ್ಳೇ ನೀರು ಕಣೆ ನಿಂದು. ಗದ್ದೆಗೆ ಹೋಗಿದ್ದು ಅಲ್ಲೇ ಇಂಗಬೇಕಪ್ಪ. ವಾಪಸ್ ಬರೋ ನೀರಿಗೆ ಯಾರಾದ್ರೂ ಕಾಲುವೆ ತೋಡ್ತಾರಾ?’

ಸೊಸೆಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಯಾರೂ ತೋಡುವುದಿಲ್ಲ. ಅವಳೂ ತೋಡಿರಲಿಲ್ಲ. ಹೋಗುವ ದಾರಿಗೆ ಇದ್ದ ತಾಮ್ರವನ್ನೆಲ್ಲ ಸುರಿದು, ಬರುವ ದಾರಿಗೆ ಕಸದ ಬುಟ್ಟಿಯಲ್ಲಿ ಸಿಕ್ಕ ಸಣ್ಣ ತಂತಿಯನ್ನು ಎಂಟು ಬೋರ್ಡಿಗೂ ಸೇರಿಸಿ ಎಳೆದಿದ್ದಳು. ಆದರೆ ಇದು ಇಂಗುವ ನೀರಲ್ಲ. ಹೋದಷ್ಟೂ ತಿರುಗಿ ಬರಲೇಬೇಕು.

‘ಅತ್ತೆ, ಏಳಿ. ಸ್ವಲ್ಪ ನಡೀಬೇಕು.’

ಅಳತೆಗೆಂದು ಉದ್ದನೆಯ ಒಂದು ತಂತಿಯನ್ನು ಸಪ್ಲೈಯ ಪ್ಲಸ್ಸಿಗೆ ಕಟ್ಟಿ, ಸುರುಳಿಯನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅದನ್ನು ಬಿಚ್ಚುತ್ತಾ, ಎದುರಾದವರಿಗೆಲ್ಲ ‘ಕರು ತಪ್ಪಿಸಿಕೊಂಡಿದೆ, ಹಗ್ಗ ತಗೊಂಡು ಹೊರಟಿದೀನಿ’ ಎನ್ನುತ್ತಾ ಎಂಟನೆಯ ಕಂಬ ಮುಟ್ಟಿದಳು. ಸೊಸೆ ಏಣಿ ಹತ್ತಿ, ಬಿಳಿ ಉರಿಯುತ್ತಿರುವಾಗಲೇ ಮೀಟರ್ ಹಿಡಿದಳು. ದಪ್ಪ ತಂತಿಯ ಉದ್ದಕ್ಕೂ ಕಳೆದದ್ದು ಅರ್ಧ ವೋಲ್ಟು. ಅಳತೆಯ ತಂತಿಯನ್ನು ಸಪ್ಲೈಯ ಮೈನಸ್ಸಿಗೆ ಬದಲಿಸಿ ಬಂದು ಸಣ್ಣದನ್ನು ಅಳೆದಳು. ಐದು.

ಏಣಿಯ ಮೇಲೆ ನಿಂತೇ ಅವಳು ತನ್ನನ್ನು ತಾನೇ ಮನಸಾರೆ ಬೈದುಕೊಂಡಳು. ಆಮೇಲೆ ದಪ್ಪ ತಂತಿ ಎಲ್ಲಿದೆ ಎಂದು ಯೋಚಿಸಿದಳು. ಪೇಟೆಗೆ ಹೋಗಿ ಬರುವಷ್ಟರಲ್ಲಿ ಸಂಜೆ ಕಳೆಯುತ್ತದೆ. ಊರಲ್ಲಿ ಅಂಥ ತಂತಿ ಮಾರಾಟಕ್ಕಿದ್ದದ್ದು ಭಾವನ ಅಂಗಡಿಯಲ್ಲಿ ಮಾತ್ರ, ಅಲ್ಲಿಗೆ ಅವಳ ಕಾಲು ಏಳದು.

ಅತ್ತೆ ಕೆಳಗಿನಿಂದ ಮುಖ ಓದಿದಳು. ‘ಹಳೇ ಬಾವಿ ಪಂಪಿನ ಕೇಬಲ್ ಆಗುತ್ತಾ?’

‘ಆಗುತ್ತೆ ಅತ್ತೆ. ಆದ್ರೆ ಅದರ ಮೇಲೆ ನಿಮ್ಮ ಸೋರೆಬಳ್ಳಿ ಹಬ್ಬಿದೆಯಲ್ಲ.’

ಹಿತ್ತಲಿನ ಗೂಟದ ಮೇಲಿದ್ದ ಆ ಕೇಬಲ್ಲಿನ ಸುರುಳಿ ನಾಲ್ಕು ವರ್ಷದಿಂದ ಬಳ್ಳಿಗೆ ಚಪ್ಪರವಾಗಿತ್ತು. ಎರಡು ಎಳೆಕಾಯಿ ಆಗಲೇ ಇಳಿಬಿದ್ದಿದ್ದವು. ಅತ್ತೆ ಅವನ್ನು ಒಮ್ಮೆ ಸವರಿ ನೋಡಿದಳು. ಆಮೇಲೆ ಕುಡುಗೋಲು ತಂದು ತಾನೇ ಬುಡ ಕತ್ತರಿಸಿದಳು. ‘ಕಾಯಿ ಬರೋ ವರ್ಷವೂ ಬಿಡುತ್ತೆ,’ ಅಂದಳು. ‘ನಿಂಗೆ ಬರೋ ವರ್ಷ ಇಲ್ಲ ಅಂದಿದಾರೆ.’

ಸಂಜೆಯ ಹೊತ್ತಿಗೆ ಎಂಟು ಕಂಬಕ್ಕೂ ಹೆಬ್ಬೆರಳು ಗಾತ್ರದ ಇನ್ನೊಂದು ತಂತಿ ಬಿದ್ದಿತ್ತು, ಅಲ್ಲಲ್ಲಿ ಸೋರೆ ಎಲೆ ಸಮೇತ. ಹಿರಿಯ ಕುರ್ಚಿ ಹಾಕಿಸಿಕೊಂಡು ಗಡಿಯಾರ ನೋಡಿದ. ಭಾವ ತನ್ನ ಪೆಟ್ಟಿಗೆಗಳನ್ನು ಗಾಡಿಯಲ್ಲೇ ಹೇರಿಕೊಂಡು ಬಂದಿದ್ದ.

‘ಮೊದಲು ಮೆಲ್ಲಗೆ ಕೆಂಪು ಹಾಕಮ್ಮ,’ ಅಂದ ಹಿರಿಯ. ‘ಆಮೇಲೆ ಒಂದೊಂದೇ.’

ಅವಳು ಎಲ್ಲವನ್ನೂ ಒಟ್ಟಿಗೆ ಹಾಕಿದಳು.

ಬೀದಿ ಈ ತುದಿಯಿಂದ ಆ ತುದಿಯವರೆಗೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಅವಳು ನಡೆದು ಹೋಗಿ ಎಂಟನೆಯ ಕಂಬದ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹತ್ತು ನಿಮಿಷ. ಇಪ್ಪತ್ತು. ಮೇಲೆ ನೋಡಲಿಲ್ಲ, ನೋಡುವವರ ಮುಖ ನೋಡುತ್ತಿದ್ದಳು, ದೀಪ ಆರಿದರೆ ಅಲ್ಲೇ ಗೊತ್ತಾಗುತ್ತಿತ್ತು. ಭಾವ ಬಂದು ಹೊಸ ತಂತಿಯ ಗಂಟನ್ನು ಮುಟ್ಟಿ ನೋಡಿದ. ಬಿಸಿಯಾಗಿರಲಿಲ್ಲ.

‘ಇಂಥ ಕೇಬಲ್ ಎಲ್ಲಿ ಸಿಕ್ತು?’

‘ನಮ್ಮ ಹಿತ್ತಲಲ್ಲೇ,’ ಅಂದಳು ಅವನ ಅಮ್ಮ. ‘ನಾಲ್ಕು ವರ್ಷದಿಂದ ತೆಗೆದಿಡೋ ಅಂತ ನಿಂಗೆ ಹೇಳ್ತಿದ್ದೆನಲ್ಲ, ಅದೇ.’

ಗಂಟೆ ತುಂಬಿತು. ಹಿರಿಯ ಕುರ್ಚಿಯಿಂದ ಎದ್ದ. ‘ಆಯ್ತಮ್ಮ, ನಿನ್ನವೇ ಇರಲಿ. ಸಾಕು, ಈಗ ಆರಿಸು.’

‘ಆರಿಸಲ್ಲ,’ ಅಂದಳು ಹೊಗೆಸೊಸೆ. ‘ನಿನ್ನೆ ನಕ್ಕವರಲ್ಲಿ ಅರ್ಧ ಜನ ಇನ್ನೂ ಮನೇಲಿದಾರೆ. ಅವರು ಊಟ ಮುಗಿಸಿ ಬರಲಿ.’

ಹೇಳಿ, ಹಿರಿಯ ಬಿಟ್ಟು ಎದ್ದ ಕುರ್ಚಿಯನ್ನು ಎಂಟನೆಯ ಕಂಬದ ಕೆಳಗೆ ಎಳೆದು ಹಾಕಿ, ಅತ್ತೆಯನ್ನು ಕೂರಿಸಿದಳು.