ಹುಳದ ಬಾಗಿಲು

ನಾನು ಹೊಳೆವ್ವ, ಬೆಳವಣಕಿಯವಳು. ನನ್ನ ಬಾಯಿ ಜೋರು ಎಂದು ಊರೆಲ್ಲ ಅನ್ನುತ್ತದೆ, ಅನ್ನಲಿ. ಕಿಡ್ನಿಗೆ ಸೋಂಕಾಗಿ ರೋಣದ ದವಾಖಾನೆಯಲ್ಲಿ ಮಲಗಿದಾಗ ಆ ಬಾಯಿಯೂ ಒಣಗಿತ್ತು. ಎಷ್ಟು ಸೂಜಿ ಚುಚ್ಚಿದರೂ ಜ್ವರ ಇಳಿಯಲೊಲ್ಲದು. ಈ ಸಲ ಉಳಿಯುವುದಿಲ್ಲ ಎಂದು ಹೆದರಿಬಿಟ್ಟಿದ್ದೆ.

ತಪಾಸಣೆಯ ವರದಿ ಬಂದ ಮೇಲೆ ಡಾಕ್ಟರ್ ಅನ್ನಪೂರ್ಣಾ ಮಂಚದ ಪಕ್ಕ ಕುಳಿತರು.

"ಯವ್ವಾ, ಈ ಬ್ಯಾಕ್ಟೀರಿಯಾಕ್ಕ ಹೊರಗ ಒಂದು ಗ್ವಾಡಿ ಇರ್ತೈತ್ರಿ. ಅದರಾಗ ಪ್ರೋಟೀನಿನ ಸಣ್ಣ ಸಣ್ಣ ಬಾಗ್ಲಾ. ಅದರ ಊಟಾನೂ ಅಲ್ಲೇ ಹೋಗತೈತಿ, ನಮ್ಮ ಔಷಧಾನೂ ಅಲ್ಲೇ. ಒಂದು ಹುಳ ಹುಟ್ಟುವಾಗ ಏನೋ ಹೆಚ್ಚುಕಮ್ಮಿ ಆಗಿ ಬಾಗ್ಲಾ ಇಕ್ಕಟ್ಟಾಗೇತಿ, ಔಷಧ ಒಳಗ ಹೋಗವಲ್ದು. ಬ್ಯಾರೇವೆಲ್ಲಾ ಸತ್ತಾವು, ಇದರ ಮಕ್ಕಳು ಮರಿ ಅಷ್ಟ ಉಳದಾವು."

"ಮುಂದ ಹ್ಯಾಂಗ್ರಿ ಬಾಯಾರ?"

"ಗ್ವಾಡಿನ ಒಡಿಯೋ ಔಷಧ ಐತ್ರಿ. ಕಿಡ್ನಿಗೆ ತ್ರಾಸ ಆಗಬಹುದು. ಆದ್ರ ಬ್ಯಾರೆ ದಾರಿ ಇಲ್ಲ."

ಗೋಡೆ ಅಂದ ಕೂಡಲೇ ನನಗೆ ಮನೆ ನೆನಪಾಯಿತು. ನನಗೂ ಮೈದುನನ ಹೆಂಡತಿ ಯಂಕವ್ವನಿಗೂ ನಡುವೆ ಒಂದೇ ಮಣ್ಣಿನ ಗೋಡೆ, ಅದರಲ್ಲೊಂದು ಕಿಂಡಿ. ಪಲ್ಯ, ಮಜ್ಜಿಗೆ, ಬಿಸಿ ರೊಟ್ಟಿ ಎಲ್ಲ ಅದರಲ್ಲೇ ದಾಟುತ್ತಿದ್ದವು. ಆಕೆಯ ಚುಚ್ಚುಮಾತೂ ಅದರಲ್ಲೇ ಬರುತ್ತಿತ್ತು. ಕೇಳಿ ಕೇಳಿ ತಲೆಕೆಟ್ಟು ಈ ಬೇಸಿಗೆಯಲ್ಲಿ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿಬಿಟ್ಟೆ. ಚಲೋ ಮಾಡಿದೆ ಎಂದೇ ಅಂದುಕೊಂಡಿದ್ದೆ.

ಹೊಸ ಔಷಧ ಹನಿಹನಿಯಾಗಿ ನರಕ್ಕೆ ಇಳಿಯತೊಡಗಿತು. ಕಣ್ಣು ಮುಚ್ಚಿದರೆ ನನ್ನ ಮೈಯೊಳಗೆ ನಾನೇ ನಡೆಯುತ್ತಿದ್ದೆ. ಎಲ್ಲೆಲ್ಲೂ ಕೆಂಪು ಬೆಳಕು, ಕಾಲಡಿ ಬೆಚ್ಚನೆಯ ನೀರು. ಎದುರಿಗೊಂದು ಉದ್ದುದ್ದ ಮನೆ ತೇಲುತ್ತಿತ್ತು. ಅದರ ಬಾಗಿಲಲ್ಲಿ ನನ್ನ ಕಿರುಬೆರಳೂ ಹೋಗದು. ಒಳಗಿಂದ ಒಂದು ಹುಳ ಇಣುಕಿತು. ಪಾಪ, ಸೊರಗಿ ಕಡ್ಡಿಯಾಗಿತ್ತು.

"ಬಾಗ್ಲಾ ತೆಗೀಲೇ ಮೂಳಾ!" ಎಂದೆ.

"ತೆಗಿಯಾಕ ಬರೂದಿಲ್ಲಬೇ. ಔಷಧ ಒಳಗ ಬರೂದಿಲ್ಲ ಖರೇ, ಊಟಾನೂ ಬರವಲ್ದು. ಭಾಳ ಹಸದೇನಿ."

"ಮತ್ತ್ಯಾಕ ಇಷ್ಟು ಸಣ್ಣ ಮಾಡಿಕೊಂಡಿ?"

"ನಾ ಮಾಡಿಕೊಂಡಿಲ್ಲ. ಹುಟ್ಟಿದ್ದ ಹಿಂಗ." ಹುಳ ನನ್ನನ್ನೇ ದಿಟ್ಟಿಸಿತು. "ನಿಮ್ಮನಿ ಕಿಂಡಿ ಯಾರು ಮುಚ್ಚಿದ್ರು?"

ಅಷ್ಟರಲ್ಲಿ ಅದರ ಗೋಡೆ ನೆನೆದ ಮಣ್ಣಿನ ಹಾಗೆ ಸದ್ದಿಲ್ಲದೆ ಕರಗುತ್ತಾ ಹೋಯಿತು.

ಎಚ್ಚರವಾದಾಗ ಮೈಯೆಲ್ಲ ಬೆವತು ತಣ್ಣಗಾಗಿತ್ತು. ಜ್ವರ ಬಿಟ್ಟಿತ್ತು. ನಗಬೇಡಿ, ಹಸಿವಿನಲ್ಲೇ ಸತ್ತ ಆ ಹುಳಕ್ಕಾಗಿ ನನಗೆ ಅಳು ಬಂತು.

ಮನೆಗೆ ಬಂದವಳೇ, ಮಗಳು ನೀಲಾ ಬೇಡ ಬೇಡ ಎಂದರೂ ಕೇಳದೆ, ಕಳೆ ತೆಗೆಯುವ ಕುರ್ಪಿ ಹಿಡಿದು ಕಿಂಡಿಯ ಮಣ್ಣು ಕೆರೆಯತೊಡಗಿದೆ.

"ಯಾರದು?" ಆಚೆಯಿಂದ ಯಂಕವ್ವನ ದನಿ.

"ನಾನ. ಬೈಯೂದು ಉಳದಿತ್ತಲ್ಲಾ, ಬೈ."

ಆಮೇಲೆ ಆಚೆ ಕಡೆಯಿಂದಲೂ ಕೆರೆಯುವ ಸದ್ದು ಕೇಳಿತು. ಇಟ್ಟಿಗೆ ಅಲುಗಿ ನನ್ನ ಕಾಲ ಬಳಿ ಬಿತ್ತು. ಕಿಂಡಿಯಲ್ಲಿ ಮಣ್ಣು ಮೆತ್ತಿದ ಒಂದು ಕೈ ಬಂತು, ಕೈಯಲ್ಲಿ ರೊಟ್ಟಿ.

"ನೀ ತಿರುಗಿ ಬರೂದಿಲ್ಲ ಅಂತ ತಿಳದಿದ್ದೆ ಯಕ್ಕಾ," ಎಂದು ಆಕೆ ಬಿಕ್ಕಿದಳು. "ಮೊದ್ಲ ಉಣ್ಣು. ಬೈಯೂದು ಆಮ್ಯಾಲ."