ಪತ್ರೊಡೆಗೆ ಕಡಲಾಚೆಯ ಕೆಸು

ನಾನು ಒಂದು ಹೆರೆಮಣೆ. ತೆಂಗಿನಕಾಯಿ ತುರಿಯುವುದು ನನ್ನ ಕಸುಬು. ಹಲಸಿನ ಹಲಗೆಯಿಂದ ಕುಂದಾಪುರದ ಶೇಷಾಚಾರಿ ನನ್ನನ್ನು ಕೆತ್ತಿದ, ಅವನ ಭಾವ ಹಲ್ಲು ಕೂರಿಸಿದ. ಹುಟ್ಟುವಾಗಲೇ ಹಲ್ಲಿದ್ದ ನನ್ನನ್ನು ಜಲಜಕ್ಕ ಮನೆಗೆ ತಂದರು.

ಜಲಜಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೋದ ತಮ್ಮ ಶೀನ ಫಿಜಿಯ ಒಂದು ಸಣ್ಣ ದ್ವೀಪದಲ್ಲಿ ಅಲ್ಲಿಯದೇ ಹುಡುಗಿಯನ್ನು ಮದುವೆಯಾದದ್ದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಅವನಿಗೆ ಮಗಳು ಹುಟ್ಟಿದ ಸುದ್ದಿ ಬಂದದ್ದೇ ತಡ, ಕೆಸುವಿನೆಲೆಯ ಪತ್ರೊಡೆಯ ರುಚಿ ತಿಳಿಯದೆ ಮಗು ಬೆಳೆಯುವುದುಂಟೇ ಎಂದು ನನ್ನನ್ನು ಪೆಟ್ಟಿಗೆಗೆ ತುರುಕಿ ಹೊರಟರು. ಮಗುವಿಗಿನ್ನೂ ಹಲ್ಲೇ ಬಂದಿರಲಿಲ್ಲ.

ಅಲ್ಲಿ ಇಳಿದಾಗ ಅಧಿಕಾರಿಯೊಬ್ಬ ನನ್ನನ್ನು ತಲೆಕೆಳಗು ಮಾಡಿ ಹುಳ ಹುಡುಕಿದ. ನನ್ನನ್ನು ಬಿಟ್ಟ, ಕೆಸುವಿನ ತುರಿಕೆ ಕಳೆಯಲೆಂದು ತಂದಿದ್ದ ಹುಣಸೆಹಣ್ಣನ್ನು ಹಿಡಿದಿಟ್ಟುಕೊಂಡ.

ಶೀನನ ಅತ್ತೆ ಮೆರೆಸೇನಿಯ ಅಡುಗೆಮನೆಗೆ ಹಿಂದಿನ ಗೋಡೆಯಿಲ್ಲ. ಕೂತಲ್ಲಿಂದಲೇ ತೋಟವೆಲ್ಲ ಕಾಣುತ್ತಿತ್ತು: ಜೀಗುಜ್ಜೆ, ಬಾಳೆ, ಪಪ್ಪಾಯಿ, ಮರಗೆಣಸು, ಆಳೆತ್ತರದ ಕೆಸು. ಜಲಜಕ್ಕ ಸೊಂಟಕ್ಕೆ ಕೈ ಕೊಟ್ಟು ನೋಡಿದರು.

"ಏ ಶೀನ, ಇಷ್ಟ್ ದೂರ ಬಂದದ್ ನಮ್ ಹಿತ್ಲ್ ಕಾಂಬುಕಾ ಮಾರಾಯ?"

ಯಾರನ್ನೂ ಕೇಳದೆ, ತೋಟದಂಚಿನ ಅತಿ ದೊಡ್ಡ ಎಲೆಗಳನ್ನೇ ಕೊಯ್ದು ತಂದು, ಹುಳಿಯಿಲ್ಲದೆಯೇ ಪತ್ರೊಡೆ ಮಾಡಿದರು. ತುರಿಯುವುದು ನನ್ನ ಕೆಲಸ. ಆ ಮಧ್ಯಾಹ್ನ ಮನೆಮಂದಿಯ ಗಂಟಲುಗಳೆಲ್ಲ ಆ ಕೆಲಸಕ್ಕಿಳಿದವು.

"ಗಂಟ್ಲ್ ತುರ್ಸುತ್ತಲ್ದಾ ಅಕ್ಕ?" ಎಂದ ಶೀನ.

"ತುರ್ಸುದ್ ನಿನ್ ಗಂಟ್ಲ್. ನನ್ ಪತ್ರೊಡೆ ಅಲ್ಲ."

ಮೆರೆಸೇನಿ ಮಾತ್ರ ಎರಡನೇ ತುಂಡು ಹಾಕಿಸಿಕೊಂಡರು. ಕಣ್ಣಲ್ಲಿ ನೀರು ಧಾರೆ, ಮುಖದಲ್ಲಿ ನಗು. ಮೂರನೆಯದಕ್ಕೆ ಕೈ ಚಾಚಿದಾಗ ಜಲಜಕ್ಕ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. ದನಿ ತಗ್ಗಿತ್ತು.

"ಸಾಕ್ ಅಂತ ಹೇಳ್ ಶೀನ. ಪಾಪ, ನನ್ ಮಾನ ಉಳ್ಸುಕೆ ತಿಂತಿದ್ರ್."

ಶೀನ ಅದನ್ನು ಅತ್ತೆಗೆ ತಿಳಿಸಿದ. ಮೆರೆಸೇನಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಲಜಕ್ಕನೂ ಗಂಟಲು ಕೆರೆಯುತ್ತಲೇ ನಕ್ಕರು. ಮರುದಿನ ಬೀಗಿತ್ತಿಯರಿಬ್ಬರೂ ಕೈ ಹಿಡಿದುಕೊಂಡು ಕೆಸುವಿನ ಪಾತಿಗೆ ಇಳಿದರು. ಯಾವ ಗಿಡ ತಿನ್ನುವುದು, ಎಷ್ಟು ಎಳೆಯ ಎಲೆ ಬೇಕು ಎಂದು ಮೆರೆಸೇನಿ ಬೆರಳಲ್ಲೇ ತೋರಿಸಿದರು. ಹುಣಸೆಯ ಬದಲು ನಿಂಬೆ ಕೊಯ್ದು ಕೊಟ್ಟರು. ಅವರ ಮನೆಯಲ್ಲೂ ನನ್ನಂಥದೇ ಒಂದು ಮಣೆಯಿತ್ತು. ಎದುರುಬದುರು ಕೂತು ಕಾಯಿ ತುರಿದರು. ಮೊದಲು ಮುಗಿಸಿದ್ದು ಮೆರೆಸೇನಿ. ಮಣೆಯ ಹಲ್ಲು ಮೊಂಡು ಎಂದರು ಜಲಜಕ್ಕ. ನನ್ನ ಹಲ್ಲು ಮೊಂಡಾಗಿರಲಿಲ್ಲ.

ಜಲಜಕ್ಕ ಊರಿಗೆ ಹೊರಡುವಾಗ ಇಬ್ಬರೂ ಮಣೆ ಬದಲಾಯಿಸಿಕೊಂಡರು. ನಾನು ಇಲ್ಲೇ ಉಳಿದೆ.

ಈಗ ನನ್ನ ಹಲ್ಲು ನಿಜವಾಗಿಯೂ ಸವೆದಿವೆ. ಜೀಗುಜ್ಜೆ ಮರದಡಿ ಬಿದ್ದಿದ್ದೇನೆ, ಕೋಳಿಯೊಂದು ನನ್ನ ಮೇಲೆ ನಿದ್ದೆ ಹೊಡೆಯುತ್ತದೆ. ಮೆರೆಸೇನಿ ನೆರೆಯವರಿಗೆ ಪತ್ರೊಡೆ ಬಡಿಸಿ, ಇದು ನಮ್ಮಜ್ಜಿಯ ಕಾಲದ ಅಡುಗೆ ಎನ್ನುತ್ತಾರೆ. ಅತ್ತ ಕುಂದಾಪುರದಲ್ಲಿ ಜಲಜಕ್ಕ ಮೆರೆಸೇನಿಯಿಂದ ಕಲಿತ ಹಾಗೆ ನಿಂಬೆ ಹಿಂಡಿ ಕಾಯಿಹಾಲಲ್ಲಿ ಕೆಸು ಬೇಯಿಸಿ, ಇದು ನಮ್ಮಜ್ಜಿ ಕಲಿಸಿದ್ದು ಎನ್ನುತ್ತಾರಂತೆ. ಇಬ್ಬರು ಅಜ್ಜಿಯರೂ ಸ್ವರ್ಗದಲ್ಲಿ ಕಕ್ಕಾಬಿಕ್ಕಿಯಾಗಿರಬೇಕು. ನಿಜ ಬಲ್ಲವನು ನಾನೊಬ್ಬನೇ. ಆದರೆ ಬೀಗಿತ್ತಿಯರು ಒಂದಾಗಿ ಹೇಳುವ ಸುಳ್ಳಿಗೆ ಅಡ್ಡ ಬಾಯಿ ಹಾಕಿ ಬದುಕಿದ ಹೆರೆಮಣೆ ಯಾವ ದೇಶದಲ್ಲಿದೆ?